ಬಾತ್ ಬುಗ್ಗೆಯ ಶಾಪದ ತಗಡುಗಳು

ಇಂಗ್ಲೆಂಡಿನ ಬಾತ್ ಪಟ್ಟಣದ ನಡುವೆ ಬಿಸಿನೀರಿನ ಬುಗ್ಗೆಯೊಂದಿದೆ. ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಅಲ್ಲಿ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ಸ್ಥಳೀಯ ಕೆಲ್ಟ್ ಜನರಿಗೆ ಅದು ಸುಲಿಸ್ ದೇವಿಯ ನೆಲೆ. ಕ್ರಿ.ಶ. 1ನೇ ಶತಮಾನದಲ್ಲಿ ಬಂದ ರೋಮನ್ನರು ಆ ದೇವಿಯನ್ನು ಕದಲಿಸಲಿಲ್ಲ. ತಮ್ಮ ಮಿನರ್ವಾಳ ಜೊತೆ ಸೇರಿಸಿ ಸುಲಿಸ್ ಮಿನರ್ವಾ ಎಂದು ಕರೆದರು, ಬುಗ್ಗೆಯ ಪಕ್ಕದಲ್ಲೇ ಗುಡಿಯನ್ನೂ ಸ್ನಾನಗೃಹವನ್ನೂ ಕಟ್ಟಿಸಿದರು.

ಮುಂದೆ ಗುಡಿ ಬಿದ್ದು ಮಣ್ಣಿನಡಿ ಸೇರಿತು. 1727ರಲ್ಲಿ ಚರಂಡಿ ತೋಡುತ್ತಿದ್ದ ಕೂಲಿಗಳಿಗೆ ಚಿನ್ನದ ಲೇಪವಿದ್ದ ದೇವಿಯ ಕಂಚಿನ ತಲೆ ಸಿಕ್ಕಿತು. 1790ರಲ್ಲಿ ಹೊಸ ಕಟ್ಟಡವೊಂದಕ್ಕೆ ಪಾಯ ಅಗೆಯುವಾಗ ಗುಡಿಯ ಮುಂಭಾಗದ ಕೆತ್ತನೆಯ ಕಲ್ಲುಗಳು ಹೊರಬಂದವು. ನಡುವೆ ದುರುಗುಟ್ಟಿ ನೋಡುವ ಮೀಸೆಯ ಮುಖವೊಂದಿದೆ. ಅದು ಯಾರದೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಆದರೆ ಅಲ್ಲಿನ ಭಕ್ತರ ಮನಸ್ಸನ್ನು ತೆರೆದಿಟ್ಟದ್ದು ಇವೆರಡೂ ಅಲ್ಲ. 1979-80ರಲ್ಲಿ ಬ್ಯಾರಿ ಕನ್ಲಿಫ್ ನೇತೃತ್ವದ ತಂಡ ಬುಗ್ಗೆಯ ತಳವನ್ನೇ ಅಗೆಯಿತು. ಹನ್ನೆರಡು ಸಾವಿರಕ್ಕೂ ಹೆಚ್ಚು ನಾಣ್ಯಗಳ ಜೊತೆಗೆ ಸೀಸ, ತವರ ಬೆರೆತ ತೆಳು ತಗಡುಗಳು ದೊರೆತವು. ಒಟ್ಟು ಸುಮಾರು 130 ತಗಡುಗಳಿವೆ. ಹಲವನ್ನು ಬರೆದು, ಮಡಚಿ, ನೀರಿಗೆ ಎಸೆದಿದ್ದರು. ಅವನ್ನು ಜೋಪಾನವಾಗಿ ಬಿಡಿಸಿ ಓದಿ, 1988ರಲ್ಲಿ ಪ್ರಕಟಿಸಿದವರು ರೋಜರ್ ಟಾಮ್ಲಿನ್.

ಹೆಚ್ಚಿನವು ಕಳ್ಳತನದ ದೂರುಗಳು. ಕಳೆದದ್ದೂ ದೊಡ್ಡ ಸಂಪತ್ತೇನಲ್ಲ: ಸ್ನಾನಕ್ಕೆ ಹೋದಾಗ ಬಿಚ್ಚಿಟ್ಟಿರಬಹುದಾದ ಮೇಲಂಗಿ, ಉಂಗುರ, ಒಂದಿಷ್ಟು ಕಾಸು. ಡೋಸಿಮೆಡಿಸ್ ಎಂಬಾತ ಕಳಕೊಂಡದ್ದು ಎರಡು ಕೈಗವಸು. ಕದ್ದವನ ಬುದ್ಧಿಯೂ ಕಣ್ಣೂ ಹೋಗಲಿ ಎಂಬುದು ಅವನ ಬೇಡಿಕೆ. ಕೈಗವಸಿಗೆ ಕಣ್ಣು ತುಸು ದುಬಾರಿಯೇ. ಕಳ್ಳನ ಹೆಸರು ಗೊತ್ತಿಲ್ಲದವರು ಗಂಡಾಗಲಿ ಹೆಣ್ಣಾಗಲಿ, ದಾಸನಾಗಲಿ ಸ್ವತಂತ್ರನಾಗಲಿ ಎಂದು, ಯಾರೂ ನುಣುಚಿಕೊಳ್ಳದ ಹಾಗೆ ವಕೀಲರ ಧಾಟಿಯಲ್ಲಿ ಬರೆಯುತ್ತಿದ್ದರು. ಆರು ಬೆಳ್ಳಿ ನಾಣ್ಯ ಕಳಕೊಂಡ ಅನ್ನಿಯಾನಸ್ ಈ ಪಟ್ಟಿಗೆ ಕ್ರೈಸ್ತನನ್ನೂ ಸೇರಿಸಿದ್ದಾನೆ. ಹೊಸ ಧರ್ಮ ಊರೊಳಗೆ ಬಂದಾಗಿತ್ತು, ಹಳೆಯ ದೇವಿಯ ಅಧಿಕಾರ ಮಾತ್ರ ಅವನ ಪಾಲಿಗೆ ಎಲ್ಲರ ಮೇಲೂ ನಡೆಯುತ್ತಿತ್ತು.

ಭಾಷೆ ಆಡುಮಾತಿಗೆ ಹತ್ತಿರದ ಲ್ಯಾಟಿನ್. ಕಾಗುಣಿತ ತಪ್ಪಿದ್ದೂ ಉಂಟು. ಕೆಲವರು ಅಕ್ಷರಗಳನ್ನು ತಿರುಗುಮುರುಗಾಗಿ ಬರೆದರು. ಕೈಬರಹ ಬಹುತೇಕ ಒಂದೊಂದರಲ್ಲೂ ಬೇರೆ. ಹಾಗಾಗಿ ಗುಡಿಯ ಬಾಗಿಲಲ್ಲಿ ಕೂತ ಒಬ್ಬ ಬರಹಗಾರ ಎಲ್ಲರಿಗೂ ಬರೆದುಕೊಟ್ಟಿರಲಾರ. ಅನೇಕರು ತಾವೇ ಗೀಚಿರಬೇಕು. ಚಕ್ರವರ್ತಿಗಳ ಶಾಸನಗಳಲ್ಲಿ ಕಾಣದ ಈ ಸಾಮಾನ್ಯರ ಬರಹಗಳನ್ನು 2014ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಯೋಜನೆಯ ಬ್ರಿಟನ್ ಪಟ್ಟಿಗೆ ಸೇರಿಸಲಾಯಿತು.