ಸುಂಗುಡಿ ಬಟ್ಟೆಯ ಮೇಲೆ ದ್ರಾಕ್ಷಿ ಬಳ್ಳಿ

ಕಂಬಂ ನನ್ನ ತವರು, ಮದುವೆಯಾಗಿ ಬಂದದ್ದು ಪಳನಿಗೆ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಆಡುವ ಕುಟುಂಬಗಳು ಕಂಬಂ ಕಣಿವೆಯಲ್ಲಿ ಇವತ್ತಿಗೂ ಇವೆ. ನಮ್ಮದೂ ಅಂಥದೇ. ತವರು ಎಂದೊಡನೆ ನನ್ನ ಕಣ್ಣಿಗೆ ಕಟ್ಟುವುದು ಕಲ್ಲುಕಂಬ, ತಂತಿಗಳ ಚಪ್ಪರ, ಅದರಡಿ ಜೋತುಬಿದ್ದ ಪನ್ನೀರ್ ದ್ರಾಕ್ಷಿ. ಮಸ್ಕಟ್ ಹ್ಯಾಂಬರ್ಗ್ ತಳಿಯ ಈ ಹಣ್ಣಿಗೆ 2023ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿತು. ತಮ್ಮನ ಮಗಳಿಗೆಂದು ಪುಟ್ಟ ಕ್ವಿಲ್ಟ್ ಹೊಲಿಯಲು ಹೊರಟಾಗ ಆ ಬಳ್ಳಿಯನ್ನೇ ಹೊಲಿಗೆಯಲ್ಲಿ ತರಬೇಕು ಅನ್ನಿಸಿತು. ನಾನು ಅದುವರೆಗೆ ಹೊಲಿದಿದ್ದ ವಿನ್ಯಾಸ ಒಂದೇ, ಅಂಕುಡೊಂಕಾಗಿ ಸುತ್ತಾಡುವ ಸ್ಟಿಪ್ಲಿಂಗ್. ದ್ರಾಕ್ಷಿಯನ್ನು ಮೊದಲಿನಿಂದ ಕಲಿಯಬೇಕಿತ್ತು.

ಇಂಥ ಹೊಲಿಗೆಗೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎಂಬ ಹೆಸರಿದೆ, ಅದನ್ನು ಕೇಳಿ ಹೆದರಬೇಕಿಲ್ಲ. ಟೈಲರ್ ಅಂಗಡಿಯಲ್ಲಿ ರವಿಕೆಯ ತೋಳಿಗೆ ರಿಂಗ್ ಹಾಕಿ ಮೆಷಿನ್ ಎಂಬ್ರಾಯ್ಡರಿ ಮಾಡುವವರ ಕೈಚಳಕವೇ ಇದಕ್ಕೂ ಬೇಕಾದದ್ದು. ಮಾಮೂಲಿ ಹೊಲಿಗೆಯಲ್ಲಿ ಸೂಜಿಯ ಕೆಳಗಿರುವ ಹಲ್ಲುಗಳು ಬಟ್ಟೆಯನ್ನು ಹಿಂದಕ್ಕೆ ಸರಿಸುತ್ತವೆ, ಹೊಲಿಗೆಯ ಉದ್ದವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಆ ಹಲ್ಲುಗಳನ್ನು ಇಳಿಸಿದರೆ ಅಥವಾ ಹಳೆಯ ಕಾಲು ಮೆಷಿನ್ನಿನಲ್ಲಿ ಅವುಗಳ ಮೇಲೆ ಪ್ಲೇಟ್ ಮುಚ್ಚಿದರೆ ಬಟ್ಟೆ ಎತ್ತ ಬೇಕಾದರೂ ಸರಿಯುತ್ತದೆ. ಆಗ ಹೊಲಿಗೆಯ ಉದ್ದ ನಮ್ಮ ಕೈಯ ಜವಾಬ್ದಾರಿ. ಎಂಬ್ರಾಯ್ಡರಿ ಬಟ್ಟೆಯನ್ನು ಅಲಂಕರಿಸಿದರೆ ಸಾಕು. ಕ್ವಿಲ್ಟಿನ ಗೆರೆ ಮೇಲಿನ ಬಟ್ಟೆ, ನಡುವಿನ ಪದರ, ಅಡಿಯ ಬಟ್ಟೆ ಮೂರನ್ನೂ ಒಟ್ಟಿಗೆ ಹಿಡಿದಿಡಬೇಕು.

ಕೈಯಿಂದ ಹೊಲಿದದ್ದೇ ನಿಜವಾದ ಕ್ವಿಲ್ಟ್ ಎಂಬ ವಾದ ಅಮೆರಿಕದಲ್ಲಿ ಬಹುಕಾಲ ಇತ್ತು. 1989ರಲ್ಲಿ ಕೆಂಟಕಿಯ ಪಡೂಕಾದ ಸ್ಪರ್ಧೆಯಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಯಂತ್ರದಲ್ಲಿ ಹೊಲಿದ ಕ್ವಿಲ್ಟಿಗೆ ಅತ್ಯುತ್ತಮ ಬಹುಮಾನ ಬಂದಾಗ ಅದು ದೊಡ್ಡ ಸುದ್ದಿಯಾಯಿತು. ನನಗೆ ಈ ಜಗಳದಲ್ಲಿ ಆಸಕ್ತಿಯಿಲ್ಲ. ಕೈಯದಿರಲಿ, ಯಂತ್ರದ್ದಿರಲಿ, ಒಗೆದ ಮೇಲೂ ಪದರಗಳು ಕದಲದಿದ್ದರೆ ಅದು ಒಳ್ಳೆಯ ಹೊಲಿಗೆ.

ಮೇಲಿನ ಬಟ್ಟೆಗೆ ಬಿಳಿ ಚುಕ್ಕಿಗಳ ಸುಂಗುಡಿ ತೆಗೆದುಕೊಂಡೆ. ಮಧುರೈ ಸುಂಗುಡಿಗೆ 2005ರಲ್ಲೇ ಭೌಗೋಳಿಕ ಸೂಚಕ ಬಂದಿದೆ. ನಮ್ಮ ದಿಂಡಿಗಲ್ ಜಿಲ್ಲೆಯ ಚಿನ್ನಾಳಪಟ್ಟಿಯ ಸುಂಗುಡಿಯೂ ಹೆಸರಾಗಿದೆ. ಮಗುವಿನ ಮೈಗೆ ತಾಗುವ ಬಟ್ಟೆಯಾದ್ದರಿಂದ ಮೊದಲೇ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಿ, ಒಣಗಿಸಿಟ್ಟುಕೊಳ್ಳಬೇಕು. ನಡುವಿನ ಪದರಕ್ಕೆ ಬೂರುಗದ ಹತ್ತಿ ಹಾಕು ಎಂದರು ನಮ್ಮತ್ತೆ. ಬೋಡಿನಾಯಕನೂರಿನ ಬೂರುಗದ ದಿಂಬಿನ ಮೇಲೆ ತಲೆಯಿಟ್ಟವರಿಗೆ ಅದರ ಸುಖ ಗೊತ್ತು. ಆದರೆ ಬೂರುಗದ ಎಳೆ ನುಣುಪು, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ತೆಳ್ಳಗೆ ಹರಡಿದರೆ ಸರಿದು ಮೂಲೆ ಸೇರುತ್ತದೆ, ಸೂಜಿಯ ತೂತಿನಿಂದ ಹೊರಗೂ ಇಣುಕುತ್ತದೆ. ಉತ್ತರ ಕರ್ನಾಟಕದ ಕೌದಿಯವರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸುವ ಕ್ರಮವೇ ನನಗೆ ಮೆಚ್ಚು. ಮಾವನವರ ಸವೆದು ಮೆತ್ತಗಾದ ಪಂಚೆಯನ್ನು ಮಡಿಸಿ ಹಾಸಿದೆ.

ಇನ್ನು ವಿನ್ಯಾಸ. ಚಿತ್ರ ಚೆನ್ನಾಗಿ ಬರೆಯಲು ಬಂದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಇಲ್ಲಿ ಕಲಿಯಬೇಕಾದದ್ದು ದಾರಿ. ದಾರ ಕತ್ತರಿಸದೆ ಎಲ್ಲಿಂದ ಒಳಹೋಗಬೇಕು, ಎಲ್ಲಿಂದ ಹೊರಬರಬೇಕು ಎಂಬುದು ಮೊದಲೇ ಕೈಗೆ ಗೊತ್ತಿರಬೇಕು. ಬಾಗಿಲ ಮುಂದೆ ಸಿಕ್ಕು ಕೋಲಂ ಹಾಕುವ ಹೆಂಗಸರು ಚುಕ್ಕಿಗಳನ್ನು ಬಳಸಿಕೊಂಡು ಒಂದೇ ಎಳೆಯಲ್ಲಿ ಹೋಗುವ ಹಾಗೆ ಇಲ್ಲೂ ಹೋಗಬೇಕು. ಆದರೆ ಕೋಲಂನಲ್ಲಿ ಗೆರೆ ಗೆರೆಯನ್ನು ದಾಟಿದರೇ ಚೆಂದ, ಕ್ವಿಲ್ಟಿನಲ್ಲಿ ದಾಟಿದ ಕಡೆಯೆಲ್ಲ ದಾರ ಗಂಟುಗಂಟಾಗಿ ಕಾಣುತ್ತದೆ.

ದ್ರಾಕ್ಷಿ ಗೊಂಚಲನ್ನು ನಾನು ಕಾಗದದ ಮೇಲೆ ಹೀಗೆ ಬಿಡಿಸಿಕೊಂಡೆ. ಬಳ್ಳಿಯಿಂದ ತೊಟ್ಟಿಗೆ ಇಳಿದು ಮೊದಲ ಹಣ್ಣನ್ನು ಒಂದೂವರೆ ಸುತ್ತು ಸುತ್ತಬೇಕು. ಆ ಅರ್ಧ ಸುತ್ತು ಮುಗಿಯುವ ಜಾಗದಲ್ಲೇ ಮುಂದಿನ ಹಣ್ಣು ತಾಗಿಕೊಂಡು ಶುರು. ಮೇಲೆ ಅಗಲ, ಕೆಳಗೆ ಕಿರಿದು. ತುದಿಯ ಹಣ್ಣು ಮುಗಿದ ಮೇಲೆ ಗೊಂಚಲಿನ ಹೊರ ಅಂಚನ್ನೇ ಹಿಡಿದು ಮೇಲೆ ಹತ್ತಿ ಮತ್ತೆ ಬಳ್ಳಿ ಸೇರಬೇಕು. ಎಲೆಯ ನರವನ್ನು ಹೋದ ಗೆರೆಯ ಮೇಲೆಯೇ ಹಿಂತಿರುಗಿ ಹೊಲಿಯಬಹುದು. ಕುಡಿಯ ಸುರುಳಿಯಲ್ಲಿ ಹಾಗೆ ಮಾಡಬಾರದು: ಒಳಗೆ ಹೋಗುವಾಗಲೇ ಹೊರಬರಲು ಸಂದು ಬಿಟ್ಟುಕೊಳ್ಳಬೇಕು.

ಇನ್ನೊಂದು ತೊಡಕಿದೆ. ಬರೆಯುವಾಗ ಪೆನ್ಸಿಲ್ ಚಲಿಸುತ್ತದೆ, ಹೊಲಿಯುವಾಗ ಸೂಜಿ ನಿಂತಲ್ಲೇ ಇದ್ದು ಬಟ್ಟೆ ಚಲಿಸುತ್ತದೆ. ಗೆರೆ ಬಲಕ್ಕೆ ಹೋಗಬೇಕಾದರೆ ಬಟ್ಟೆಯನ್ನು ಎಡಕ್ಕೆ ಸರಿಸಬೇಕು. ಇದಕ್ಕೆ ನನ್ನ ಉಪಾಯ ಸರಳ: ಮಗಳ ಕೈಗೆ ಪೆನ್ಸಿಲ್ ಕೊಟ್ಟು ನೆಟ್ಟಗೆ ಹಿಡಿದು ಅಲುಗಾಡಿಸಬೇಡ ಅನ್ನುತ್ತೇನೆ. ಅದರಡಿ ಕಾಗದವನ್ನು ಎರಡೂ ಕೈಯಿಂದ ಸರಿಸುತ್ತ ಗೊಂಚಲು ಬಿಡಿಸುತ್ತೇನೆ. ಗೆರೆ ಸೊಟ್ಟಪಟ್ಟ ಬಂದರೂ ಸರಿ, ಕೈಗೆ ದಿಕ್ಕು ಸಿಗುತ್ತದೆ. ಆಮೇಲೆ ಒಂದು ಅಡಿ ಚೌಕದ ಮೂರು ಪದರದ ಚಿಂದಿ ಬಟ್ಟೆಯ ಮೇಲೆ ಅಭ್ಯಾಸ.

ಮೆಷಿನ್ನಿಗೆ ಸ್ಪ್ರಿಂಗ್ ಇರುವ ಡಾರ್ನಿಂಗ್ ಫುಟ್ ಹಾಕಿ. ಅದು ಬಟ್ಟೆಯನ್ನು ಒತ್ತುವುದಿಲ್ಲವೆಂದು ಹಿಂದಿನ ಲಿವರ್ ಇಳಿಸಲು ಮರೆಯಬೇಡಿ. ಇಳಿಸದಿದ್ದರೆ ಮೇಲಿನ ದಾರಕ್ಕೆ ಬಿಗಿ ಸಿಗದೆ ಅಡಿಯಲ್ಲಿ ಸಿಕ್ಕುಸಿಕ್ಕಾಗುತ್ತದೆ. ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಂಡೇ ಶುರು ಮಾಡಬೇಕು. ಇಲ್ಲಿ ಎಂಬ್ರಾಯ್ಡರಿ ಮಾಡುವ ಹಿರಿಯ ಟೈಲರೊಬ್ಬರು ನನಗೆ ಹೇಳಿದ್ದು: “ಅಮ್ಮಾ, ಕಾಲು ಓಡಲಿ, ಕೈ ನಡೀಲಿ.” ಕಾಲಿನ ತುಳಿತ ಒಂದೇ ಸಮ ಇದ್ದು ಕೈ ನಿಧಾನ ಸರಿದರೆ ಹೊಲಿಗೆ ಸಣ್ಣದಾಗಿ, ಒಂದೇ ಅಳತೆಯಲ್ಲಿ ಬರುತ್ತದೆ. ತಿರುವಿನಲ್ಲಿ ಕೈ ಜಗ್ಗಿದರೆ ಹಿಂಬದಿಯಲ್ಲಿ ದಾರ ಸಡಿಲ ಕುಣಿಕೆಗಳಾಗಿ ನಿಲ್ಲುತ್ತದೆ, ಜೋರಾಗಿ ಜಗ್ಗಿದರೆ ಸೂಜಿ ಬಾಗಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ದ್ರಾಕ್ಷಿಯಲ್ಲಿ ಇರುವುದೆಲ್ಲ ತಿರುವೇ ಆದ್ದರಿಂದ ಈ ಮಾತು ನನಗೆ ತುಂಬ ಉಪಯೋಗಕ್ಕೆ ಬಂತು.

ಪದರಗಳಿಗೆ ಅಂಗೈಯಗಲಕ್ಕೊಂದರಂತೆ ಪಿನ್ ಹಾಕಿ ನಡುವಿನಿಂದ ಹೊರಕ್ಕೆ ಹೊಲಿಯುತ್ತ ಹೋಗಬೇಕು, ಹೆಚ್ಚುವರಿ ಬಟ್ಟೆ ಅಂಚಿನ ಕಡೆ ಸರಿದುಹೋಗಲಿ ಎಂದು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಯಲ್ಲಿ ಇದು ತಿರುವುಮುರುವು. ಅವರು ಅಂಚಿನಿಂದ ಶುರು ಮಾಡಿ ಸಾಲು ಹೊಲಿಗೆಯಲ್ಲಿ ಸುತ್ತುತ್ತ ನಡುವಿಗೆ ಬರುತ್ತಾರೆ. ಕೈಹೊಲಿಗೆಯಲ್ಲಿ ಪ್ರತಿ ತುಂಡನ್ನೂ ಅಂಗೈಯಿಂದ ಸವರಿ ಕೂರಿಸುವ ವ್ಯವಧಾನವಿದೆ, ಹಾಗಾಗಿ ನಡುವೆ ಉಬ್ಬುವುದಿಲ್ಲ. ಯಂತ್ರ ಆ ವ್ಯವಧಾನ ಕೊಡುವುದಿಲ್ಲ.

ದ್ರಾಕ್ಷಿಯಂಥ ವಿನ್ಯಾಸದಲ್ಲಿ ಒಂದು ಅಪಾಯವಿದೆ. ಗೊಂಚಲಿನ ಕಡೆ ಹೊಲಿಗೆ ದಟ್ಟವಾಗಿ, ಉಳಿದ ಕಡೆ ಖಾಲಿ ಬಿಟ್ಟರೆ ದಟ್ಟ ಭಾಗ ಮುದುಡಿಕೊಂಡು ಅಂಚು ಅಲೆಯಲೆಯಾಗುತ್ತದೆ. ಅದಕ್ಕೇ ನಾನು ಹಣ್ಣುಗಳನ್ನು ಹೆಬ್ಬೆರಳ ಉಗುರಿಗಿಂತ ದೊಡ್ಡದಾಗಿಟ್ಟು, ನಡುವಿನ ಜಾಗಕ್ಕೆಲ್ಲ ಎಲೆ, ಕುಡಿ ತುಂಬಿದೆ. ಸುಂಗುಡಿಯ ಬಿಳಿ ಚುಕ್ಕಿಗಳು ಅಳತೆಗೆ ಒದಗಿದವು: ನಾಲ್ಕು ಚುಕ್ಕಿಯ ನಡುವೆ ಒಂದು ಹಣ್ಣು, ಎರಡು ಸಾಲಿನ ನಡುವೆ ಬಳ್ಳಿ. ಸೀಮೆಸುಣ್ಣದಲ್ಲಿ ಗುರುತು ಹಾಕುವ ಕೆಲಸವೇ ತಪ್ಪಿತು. ಚುಕ್ಕಿ ಬಟ್ಟೆ ಇಲ್ಲದವರು ಸಣ್ಣ ಚೌಕುಳಿ ಬಟ್ಟೆ ಆರಿಸಿಕೊಳ್ಳಬಹುದು, ಅಳತೆ ಅದರಲ್ಲೂ ಅಷ್ಟೇ ಸಲೀಸಾಗಿ ಸಿಗುತ್ತದೆ.