ಎರೆ ನಾಡಿನಲ್ಲಿ ಕಾರು ತೊಳೆಯುವ ಯಂತ್ರ: ಒತ್ತಡಕ್ಕಿಂತ ನೀರಿನ ಲೆಕ್ಕ ಮುಖ್ಯ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದಲ್ಲಿ ಕಾರು ಇಟ್ಟುಕೊಂಡವರಿಗೆ ವರ್ಷದಲ್ಲಿ ಎರಡು ಬಗೆಯ ಕಾಟ. ಬೇಸಿಗೆಯಲ್ಲಿ ಹಿಟ್ಟಿನಂತಹ ಧೂಳು; ಮಳೆಗಾಲದಲ್ಲಿ ಚಕ್ರಕ್ಕೆ ಅಂಟಿದರೆ ಬಿಡದ ಎರೆ ಮಣ್ಣು. ಹದ ಮಳೆಯಾದ ಮರುದಿನ ಹೊಲದ ದಾರಿಯಲ್ಲಿ ಹೋಗಿ ಬಂದ ಕಾರಿನ ಮಡ್‌ಗಾರ್ಡ್ ಒಳಗೆ ಬುಟ್ಟಿಗಟ್ಟಲೆ ಮಣ್ಣು ಸೇರಿಕೊಂಡಿರುತ್ತದೆ. ಮನೆಯಲ್ಲೇ ಒಂದು ಪ್ರೆಷರ್ ವಾಷರ್ ಇದ್ದರೆ ಹೇಗೆ ಎಂಬ ಆಲೋಚನೆ ಹುಟ್ಟುವುದು ಇಂತಹ ಹೊತ್ತಿನಲ್ಲಿಯೇ.

ಐದಾರು ಸಾವಿರ ರೂಪಾಯಿಯಿಂದ ಆರಂಭವಾಗುವ ಈ ಯಂತ್ರಗಳು ಈಗ ಆನ್‌ಲೈನ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಆದರೆ ಅವುಗಳ ಜೊತೆ ಬರುವ ಸಲಹೆಗಳೆಲ್ಲ ಬಹುತೇಕ ದಿನವಿಡೀ ನಲ್ಲಿಯಲ್ಲಿ ನೀರು ಬರುವ ಊರಿನವರಿಗಾಗಿ ಬರೆದಂಥವು. ಈ ನಾಲ್ಕೂ ಊರುಗಳ ನೀರಿನ ಸ್ಥಿತಿ ಬೇರೆ. ಇಲ್ಲಿ ನೀರು ಕಡಿಮೆ, ಬೋರಿನ ನೀರು ಗಡಸು, ಮೇ ತಿಂಗಳಲ್ಲಿ ತಾರಸಿ ಟ್ಯಾಂಕಿನ ನೀರು ಕೈ ಸುಡುವಷ್ಟು ಬಿಸಿ. ಈ ಮೂರನ್ನೂ ಲೆಕ್ಕಕ್ಕೆ ಹಿಡಿಯದೆ ಕೊಂಡ ಯಂತ್ರ ಒಂದೆರಡು ವರ್ಷದಲ್ಲಿ ಮೂಲೆ ಸೇರುವ ಸಂಭವವೇ ಹೆಚ್ಚು.

ಯಂತ್ರ ಮಾಡುವುದೇನು?

ಎರಡಂತಸ್ತಿನ ಮನೆಯ ಟ್ಯಾಂಕಿನಿಂದ ಇಳಿದು ಬರುವ ನೀರಿನ ಒತ್ತಡ ಒಂದು ಬಾರ್‌ಗಿಂತಲೂ ಕಡಿಮೆ. ಹತ್ತು ಮೀಟರ್ ಎತ್ತರದ ನೀರಿನ ಕಂಬ ಸರಿಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ಗೃಹಬಳಕೆಯ ಪ್ರೆಷರ್ ವಾಷರ್ ವಿದ್ಯುತ್ ಮೋಟಾರಿನಿಂದ ಪಂಪು ತಿರುಗಿಸಿ ಅದೇ ನೀರನ್ನು 100 ಬಾರ್ ಆಸುಪಾಸಿನ ಒತ್ತಡಕ್ಕೆ ಏರಿಸಿ ಸಣ್ಣ ರಂಧ್ರದಿಂದ ಹೊರಚಿಮ್ಮಿಸುತ್ತದೆ. ನೀರಿನ ಪ್ರಮಾಣ ಹೆಚ್ಚುವುದಿಲ್ಲ, ವೇಗ ಹೆಚ್ಚುತ್ತದೆ. ಜರ್ಮನಿಯ ಕಾರ್ಚರ್ ಕಂಪನಿ ಬಿಸಿನೀರಿನ ಇಂತಹ ಯಂತ್ರವನ್ನು 1950ರಲ್ಲಿ ರೂಪಿಸಿತ್ತು. ಒಬ್ಬರೇ ಎತ್ತಿ ಒಯ್ಯಬಹುದಾದ ಮಾದರಿಗಳು ಮನೆಗಳಿಗೆ ಬಂದದ್ದು 1980ರ ದಶಕದಲ್ಲಿ.

ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಮುದ್ರಿಸಿರುವ ಸಂಖ್ಯೆ ಗರಿಷ್ಠ ಒತ್ತಡದ್ದು. ಕೆಲಸದ ವೇಳೆ ನಿಜವಾಗಿ ಸಿಗುವ ಒತ್ತಡ ಅದಕ್ಕಿಂತ ಕಡಿಮೆ. ಕಾರಿಗೆ ಅಷ್ಟು ಸಾಕು. 150, 180 ಬಾರ್ ಎಂಬ ಜಾಹೀರಾತಿಗೆ ಮರುಳಾಗುವುದರಿಂದ ಲಾಭಕ್ಕಿಂತ ಬಣ್ಣಕ್ಕೆ ಅಪಾಯವೇ ಹೆಚ್ಚು.

ನೀರು ಉಳಿಯುತ್ತದೆಯೇ?

ಮಾರಾಟಗಾರರು ಎತ್ತಿ ಹೇಳುವ ಮೊದಲ ಮಾತು ನೀರಿನ ಉಳಿತಾಯ. ಅದು ಅರ್ಧ ಸತ್ಯ. ಸಣ್ಣ ಯಂತ್ರ ನಿಮಿಷಕ್ಕೆ ಆರು ಲೀಟರ್ ಆಸುಪಾಸು ನೀರು ಬಳಸುತ್ತದೆ. ಒಟ್ಟು ಹತ್ತು ನಿಮಿಷ ಗುಂಡಿ ಒತ್ತಿದರೆ 60 ಲೀಟರ್. ಪೈಪನ್ನು ನೆಲಕ್ಕೆ ಬಿಟ್ಟು ಅದೇ ಹತ್ತು ನಿಮಿಷ ತೊಳೆದರೆ, ನಿಮಿಷಕ್ಕೆ 15 ಲೀಟರ್ ಹರಿವಿನ ಲೆಕ್ಕದಲ್ಲಿ 150 ಲೀಟರ್ ಚರಂಡಿಗೆ. ಪೈಪಿಗೆ ಹೋಲಿಸಿದರೆ ಯಂತ್ರ ಮಿತವ್ಯಯಿ, ನಿಜ. ಆದರೆ ಎರಡು ಬಕೀಟು ನೀರು, ಒಂದು ಮೃದು ಬಟ್ಟೆ ಹಿಡಿದು ತೊಳೆಯುವವರ ಖರ್ಚು 30ರಿಂದ 40 ಲೀಟರ್ ಮಾತ್ರ. ಬರೀ ಧೂಳು ಕುಳಿತ ಕಾರಿಗೆ ಬಕೀಟಿಗಿಂತ ಅಗ್ಗದ ಸಾಧನವಿಲ್ಲ.

ಇದು ಬರೀ ಜಿಪುಣತನದ ಮಾತಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತ್ತು. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತು. ಆ ಆದೇಶ ರಾಜಧಾನಿಗೆ ಸೀಮಿತ. ಆದರೆ ಆಲಮಟ್ಟಿ ಜಲಾಶಯವನ್ನು ಮಗ್ಗುಲಲ್ಲೇ ಇಟ್ಟುಕೊಂಡೂ ನೀರಿಗಾಗಿ ಕಾದು ಕೂರುವ ಹಳ್ಳಿಗಳಿರುವ ಈ ಜಿಲ್ಲೆಯಲ್ಲಿ ದಂಡದ ಭಯ ಇಲ್ಲವೆಂದು ಕುಡಿಯುವ ನೀರನ್ನು ಕಾರಿಗೆ ಸುರಿಯುವುದು ಒಪ್ಪತಕ್ಕದ್ದಲ್ಲ. ಬೋರಿನ ಉಪ್ಪುನೀರು, ತಾರಸಿಯ ಮಳೆನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಮೊದಲಾದವುಗಳಲ್ಲಿ ಮಳೆನೀರೇ ಉತ್ತಮ. ಬಟ್ಟೆಯ ನೀರನ್ನು ಬಕೀಟಿನಲ್ಲಿ ಬಳಸಬಹುದೇ ಹೊರತು ಯಂತ್ರಕ್ಕೆ ಊಡಿಸಬಾರದು. ಅದರಲ್ಲಿನ ನೂಲಿನ ಎಳೆಗಳು ಪಂಪಿಗೆ ಶತ್ರು.

ಹಾಗಾದರೆ ಯಂತ್ರ ಯಾರಿಗೆ ಬೇಕು? ಎರೆ ಮಣ್ಣಿನಲ್ಲಿ ಓಡಾಡುವವರಿಗೆ. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿ ಖನಿಜ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಹೊಲ ಬಾಯಿಬಿಡುವುದು ಇದೇ ಕಾರಣಕ್ಕೆ. ಚಕ್ರದ ಮೇಲ್ಭಾಗದ ಪೊಳ್ಳಿನಲ್ಲಿ, ಸಸ್ಪೆನ್ಷನ್ ಸಂದಿನಲ್ಲಿ ಸಿಕ್ಕಿಕೊಂಡ ಎರೆ ಒಣಗಿ ಹೆಂಟೆಯಾದರೆ ಬಟ್ಟೆ ಅಲ್ಲಿಗೆ ತಲುಪುವುದೇ ಇಲ್ಲ. ತೇವ ಹಿಡಿದಿಟ್ಟುಕೊಂಡ ಆ ಮಣ್ಣು ಲೋಹಕ್ಕೆ ತುಕ್ಕು ಹಿಡಿಸುತ್ತದೆ. ಪ್ರೆಷರ್ ವಾಷರ್ ತನ್ನ ಬೆಲೆಗೆ ತಕ್ಕ ಕೆಲಸ ಮಾಡುವುದು ಕಾರಿನ ಮೇಲಲ್ಲ, ಕೆಳಗೆ.

ಕೊಳ್ಳುವಾಗ ಕೇಳಬೇಕಾದ್ದು

ಮೊದಲ ಪ್ರಶ್ನೆ: ಬ್ಯಾರಲ್ಲಿನಿಂದ ತಾನಾಗಿ ನೀರೆಳೆಯುವ ಸಾಮರ್ಥ್ಯ ಇದೆಯೇ? ನಲ್ಲಿಗೆ ನೇರ ಜೋಡಿಸುವ ಯಂತ್ರ ದಿನಬಿಟ್ಟು ನೀರು ಬರುವ ಊರಿನಲ್ಲಿ ನಿರುಪಯೋಗಿ. ನೀರೆಳೆಯುವ ಯಂತ್ರಗಳಿಗೂ ಮಿತಿಯಿದೆ. ಅನೇಕ ಮಾದರಿಗಳು ಅರ್ಧ ಮೀಟರ್ ಆಳದಿಂದಷ್ಟೇ ನೀರೆತ್ತಬಲ್ಲವು. ಆದ್ದರಿಂದ ನೆಲದಡಿಯ ಸಂಪಿಗೆ ಪೈಪು ಇಳಿಬಿಡುವುದು ವ್ಯರ್ಥ. ತುಂಬಿದ ಬ್ಯಾರಲ್ ಯಂತ್ರದ ಮಟ್ಟದಲ್ಲಿ ಇಲ್ಲವೇ ಸ್ವಲ್ಪ ಎತ್ತರದಲ್ಲಿರಬೇಕು. ನೀರಿಲ್ಲದೆ ಪಂಪು ತಿರುಗಿದರೆ ಒಳಗಿನ ಸೀಲುಗಳು ಬೇಗನೆ ಕೆಡುತ್ತವೆ.

ಎರಡನೆಯದು ನೀರಿನ ಶಾಖ. ಹೆಚ್ಚಿನ ಸಣ್ಣ ಯಂತ್ರಗಳ ಕೈಪಿಡಿಯಲ್ಲಿ ಒಳಬರುವ ನೀರು 40 ಡಿಗ್ರಿ ಸೆಲ್ಸಿಯಸ್ ದಾಟಬಾರದೆಂದು ಬರೆದಿರುತ್ತದೆ. ಯುರೋಪಿನಲ್ಲಿ ಯಾರೂ ಓದದ ಸಾಲು ಅದು. ವಿಜಯಪುರದ ಬೇಸಿಗೆಯಲ್ಲಿ ಹಗಲಿನ ಗಾಳಿಯೇ ಆ ಮಟ್ಟ ಮೀರುತ್ತದೆ. ಬಿಸಿಲಿಗೆ ಬಿದ್ದ ಕಪ್ಪು ಟ್ಯಾಂಕಿನ ಮಾತು ಹೇಳಬೇಕಾಗಿಲ್ಲ. ಬೆಳಗಿನ ಜಾವ ತೊಳೆಯುವುದು ಬಣ್ಣಕ್ಕಷ್ಟೇ ಅಲ್ಲ, ಪಂಪಿಗೂ ಕ್ಷೇಮ.

ಮೋಟಾರಿನಲ್ಲಿ ಎರಡು ಬಗೆ. ಕಾರ್ಬನ್ ಬ್ರಷ್ ಇರುವುದು ಹಗುರ, ಅಗ್ಗ, ಗದ್ದಲದ್ದು. ನಡುನಡುವೆ ವಿಶ್ರಾಂತಿ ಬೇಡುತ್ತದೆ. ಇಂಡಕ್ಷನ್ ಮೋಟಾರು ಭಾರ ಮತ್ತು ದುಬಾರಿ, ಆದರೆ ಬಾಳಿಕೆ ಹೆಚ್ಚು. ತಿಂಗಳಿಗೆ ಎರಡು ಸಲ ಒಂದೇ ಕಾರು ತೊಳೆಯುವವರಿಗೆ ಮೊದಲನೆಯದೇ ಸಾಕು. 1,800 ವಾಟಿನ ಯಂತ್ರ ಸುಮಾರು 8 ಆಂಪಿಯರ್ ವಿದ್ಯುತ್ ಎಳೆಯುವುದರಿಂದ ಟಿವಿಗೆ ಬಳಸುವ ಸಣ್ಣ ಸಾಕೆಟ್ ಬೇಡ. ಅರ್ಥಿಂಗ್ ಸರಿಯಿರುವ 16 ಆಂಪಿಯರ್ ಸಾಕೆಟ್ಟೇ ಆಗಬೇಕು. ನೀರು ಹರಿಯುವ ಅಂಗಳದಲ್ಲಿ ಜೋಡಿಸಿದ ವೈರು ಬಿಡುವುದು ಜೀವಕ್ಕೇ ಕುತ್ತು. ದುರಸ್ತಿ ಕೇಂದ್ರ ಯಾವ ಊರಿನಲ್ಲಿದೆ ಎಂಬುದನ್ನೂ ಹಣ ಕೊಡುವ ಮುನ್ನವೇ ಕೇಳಿಕೊಳ್ಳಬೇಕು.

ಇಂಡಿ ಭಾಗದ ಲಿಂಬೆ ಬೆಳೆಗಾರರು, ದ್ರಾಕ್ಷಿ, ದಾಳಿಂಬೆ ತೋಟದವರು ಔಷಧಿ ಸಿಂಪಡಣೆಯ ಎಚ್‌ಟಿಪಿ ಪಂಪಿನಲ್ಲೇ ಗಾಡಿ ತೊಳೆಯುವುದುಂಟು. ಅದರ ಒತ್ತಡ ಸಾಮಾನ್ಯವಾಗಿ 20ರಿಂದ 40 ಬಾರ್ ಮಾತ್ರ. ಹರಿವು ಮಾತ್ರ ನಿಮಿಷಕ್ಕೆ 20 ಲೀಟರ್ ಮೀರಬಹುದು. ಟ್ರ್ಯಾಕ್ಟರಿಗೆ ಅದು ಸರಿಯಾದ ಸಾಧನ. ಮನೆಯ ಕಾರಿಗೆ ನೀರು ವ್ಯರ್ಥ, ಜೊತೆಗೆ ಪೈಪಿನಲ್ಲಿ ಉಳಿದ ಕೀಟನಾಶಕದ ಅಂಶ ಮಕ್ಕಳು ಮುಟ್ಟುವ ಬಾಗಿಲಿಗೆ ಅಂಟುವ ಭಯ ಬೇರೆ.

ತೊಳೆಯುವ ಕ್ರಮ

ಒಣ ಹೆಂಟೆಯ ಮೇಲೆ ಒಮ್ಮೆಲೇ ಜೋರು ಧಾರೆ ಬಿಡಬಾರದು. ಮೊದಲು ಮಗ್ಗಿನಿಂದ ನೀರು ಚಿಮುಕಿಸಿ ಹತ್ತು ನಿಮಿಷ ಬಿಟ್ಟರೆ ಎರೆ ತಾನೇ ನೆನೆದು ಸಡಿಲವಾಗುತ್ತದೆ. ಅನಂತರ ಅರ್ಧದಷ್ಟು ನೀರಿನಲ್ಲಿ ಕೆಲಸ ಮುಗಿಯುತ್ತದೆ. ಬಣ್ಣದ ಮೇಲೆ 40 ಡಿಗ್ರಿ ಹರಡುವ ಬಿಳಿ ನಾಜಲ್, ಅಡಿಭಾಗಕ್ಕೆ 25 ಡಿಗ್ರಿಯ ಹಸಿರು ನಾಜಲ್ ಬಳಸುವುದು ರೂಢಿ. ಕೆಂಪು ಬಣ್ಣದ ಶೂನ್ಯ ಡಿಗ್ರಿ ನಾಜಲ್ ಕಾರಿನ ಹತ್ತಿರವೂ ಸುಳಿಯಬಾರದು. ಮೇಲ್ಮೈಯಿಂದ ಕನಿಷ್ಠ ಒಂದು ಅಡಿ ದೂರ ಇರಲಿ. ಟೈರಿನ ಪಕ್ಕಭಾಗ, ರೇಡಿಯೇಟರಿನ ತೆಳು ಹಾಳೆಗಳು, ಬಾಗಿಲಿನ ರಬ್ಬರು, ಹಿಂಬದಿ ಕ್ಯಾಮೆರಾ, ಮರುಬಣ್ಣ ಬಳಿದ ಜಾಗಗಳಲ್ಲಿ ಇನ್ನೂ ಎಚ್ಚರ ಬೇಕು. ಬಾನೆಟ್ ತೆಗೆದು ಎಂಜಿನ್ ಮೇಲೆ ಧಾರೆ ಬಿಡುವ ಅಭ್ಯಾಸ ಹಳೆಯ ಗಾಡಿಗಳ ಕಾಲದ್ದು. ಈಗ ಅಲ್ಲಿ ತುಂಬಿರುವುದು ಸೆನ್ಸರ್‌ಗಳು.

ಬರಿಗಾಲಿನಲ್ಲಿ ಈ ಕೆಲಸ ಸಲ್ಲದು. ಹತ್ತಿರದಿಂದ ತಾಗಿದ ಧಾರೆ ಚರ್ಮ ಸೀಳಿ ಕೊಳೆನೀರನ್ನು ಮಾಂಸದೊಳಕ್ಕೆ ನುಗ್ಗಿಸಬಲ್ಲದು. ಹೊರಗೆ ಸೂಜಿಮೊನೆಯಷ್ಟು ಗಾಯ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಪ್ರಕರಣ ಅದು.

ತೊಳೆದ ಮೇಲೆ ಬಿಸಿಲಿಗೆ ಬಿಟ್ಟು ಒಣಗಿಸಿದರೆ ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಗಾಜು ಮತ್ತು ಬಣ್ಣದ ಮೇಲೆ ಬಿಳಿ ಕಲೆಯಾಗಿ ಕೂರುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಒಪ್ಪಿರುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲವಿಲ್ಲದಿದ್ದರೆ 600. ಸಾಬೂನು ನೊರೆಗಟ್ಟದ, ಪಾತ್ರೆಯ ತಳದಲ್ಲಿ ಸುಣ್ಣದ ಪದರ ಬಿಡುವ ಬೋರುಗಳ ನೀರಿನಲ್ಲಿ ಕಾರು ತೊಳೆದರೆ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು ಅನಿವಾರ್ಯ. ಸಾಧ್ಯವಾದರೆ ಕೊನೆಯ ಒಂದು ಬಕೀಟು ಮಳೆನೀರಿನದಾಗಿರಲಿ. ಇಂತಹ ಬೋರಿನಲ್ಲಿ ಮರಳಿನ ಕಣವೂ ಬರುವುದರಿಂದ ಯಂತ್ರದ ಬಾಯಿಗೆ ಜಾಲರಿ ಫಿಲ್ಟರ್ ತಪ್ಪದೆ ಹಾಕಿ, ಪ್ರತಿ ಸಲ ಬಿಚ್ಚಿ ತೊಳೆಯಬೇಕು.

ಉಳಿದದ್ದು ಕೊಳೆನೀರಿನ ಪ್ರಶ್ನೆ. ಭೀಮಾ ತೀರಕ್ಕೋ ಕೃಷ್ಣೆಯ ಕಾಲುವೆಗೋ ಗಾಡಿ ಇಳಿಸಿ ತೊಳೆಯುವವರು ಇಂದಿಗೂ ಕಡಿಮೆಯಿಲ್ಲ. ಎಂಜಿನ್ ಎಣ್ಣೆ, ಗ್ರೀಸು, ಶಾಂಪೂ ಸೇರಿದ ಆ ನೀರೇ ಕೆಳಗಿನ ಊರಿನ ದನಕರುಗಳಿಗೂ ಜನರಿಗೂ ತಲುಪುತ್ತದೆ. ಹೊಳೆಗೆ ಮಾಲಿನ್ಯ ಬಿಡುವುದನ್ನು 1974ರ ಜಲ ಮಾಲಿನ್ಯ ಕಾಯ್ದೆ ನಿಷೇಧಿಸುತ್ತದೆ. ಮನೆಯಂಗಳದಲ್ಲಿ ತೊಳೆಯುವವರು ಕಾರನ್ನು ಸಿಮೆಂಟ್ ನೆಲದ ಬದಲು ಗರಸು ಹಾಕಿದ ಜಾಗದಲ್ಲಿ ನಿಲ್ಲಿಸಿದರೆ ನೀರು ಬೀದಿ ಪಾಲಾಗದೆ ಅಲ್ಲೇ ಇಂಗುತ್ತದೆ. ಬರಿ ಎರೆ ನೆಲದ ಮೇಲೆ ಮಾತ್ರ ನಿಲ್ಲಿಸಬಾರದು. ತೊಳೆದು ಮುಗಿಸುವಷ್ಟರಲ್ಲಿ ಚಕ್ರಗಳು ಮತ್ತೆ ಕೆಸರಿನಲ್ಲಿ ಹೂತಿರುತ್ತವೆ.