ಬೀಗ ಹಾಕಿದ್ದೇವೆ, ನೆರೆಮನೆಗೆ ಹೇಳಿದ್ದೇವೆಯೇ?

ರಜೆ ಬಂತು, ಮದುವೆ ಬಂತು, ಹಬ್ಬ ಬಂತು ಎಂದರೆ ನಾವೆಲ್ಲ ಮನೆಗೆ ಬೀಗ ಹಾಕಿ ಹೊರಡುತ್ತೇವೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕೆಲಸಕ್ಕೆ, ವ್ಯಾಪಾರಕ್ಕೆಂದು ನೆಲೆಸಿದ ಕರಾವಳಿಯ ಕುಟುಂಬಗಳಿಗಂತೂ ಊರೆಂದರೆ ಒಂದು ರಾತ್ರಿಯ ಬಸ್ ಪ್ರಯಾಣ. ಹೋದ ಮೇಲೆ ನಾಲ್ಕೈದು ದಿನ ನಿಲ್ಲದೆ ಬರುವ ಹಾಗಿಲ್ಲ. ಅಷ್ಟು ದಿನವೂ ಬಾಗಿಲಲ್ಲಿ ಬೀಗ ನೇತಾಡ್ತಾ ಇರ್ತದೆ. ಮನೆಯಲ್ಲಿ ಯಾರೂ ಇಲ್ಲವೆಂದು ದಾರಿಹೋಕರಿಗೆಲ್ಲ ಹೇಳುವುದು ಅದೇ ಬೀಗ!

ಕಳ್ಳನಿಗೆ ಬೇಕಾದ್ದು ಅಷ್ಟೇ. ಹಗಲು ಒಂದು ಸುತ್ತು ಹೊಡೆದು ನೋಡ್ತಾನೆ. ಗೇಟಿನೊಳಗೆ ಎರಡು ದಿನದ ಪೇಪರ್ ಬಿದ್ದಿದೆಯೇ, ಹಾಲಿನ ಪ್ಯಾಕೆಟ್ ಹಾಗೇ ಇದೆಯೇ, ಹೊರಗಿನ ಲೈಟ್ ಹಗಲಲ್ಲೂ ಉರೀತಾ ಇದೆಯೇ, ಅಂಗಳದಲ್ಲಿ ಎಲೆ ಕಸ ಬಿದ್ದಿದೆಯೇ. ರಾತ್ರಿ ಹಿಂಬಾಗಿಲ ಚಿಲಕ ಮೀಟಿ ಒಳಗೆ ಹೋಗ್ತಾನೆ. ಮುಂಬಾಗಿಲಿಗೆ ಸಾವಿರಾರು ರೂಪಾಯಿಯ ಬೀಗ ಹಾಕಿದ ನಾವು ಹಿಂಬಾಗಿಲನ್ನು ಒಂದು ತೆಳು ಚಿಲಕದ ಮೇಲೆ ಬಿಟ್ಟಿರ್ತೇವೆ. ಕೆಲವರು ಬೀಗದ ಕೈಯನ್ನು ಹೂಕುಂಡದ ಅಡಿಯಲ್ಲೋ, ಚಪ್ಪಲಿ ಸ್ಟ್ಯಾಂಡಿನಲ್ಲೋ, ಮೀಟರ್ ಪೆಟ್ಟಿಗೆಯಲ್ಲೋ ಇಡ್ತಾರೆ. ಈ ಜಾಗಗಳೆಲ್ಲ ನಮಗಿಂತ ಮೊದಲು ಕಳ್ಳರಿಗೆ ಗೊತ್ತು. ಇದರ ಮೇಲೆ ಬಸ್ಸಿನಲ್ಲಿ ಕೂತ ಕೂಡಲೇ ವಾಟ್ಸ್ಯಾಪ್ ಸ್ಟೇಟಸ್ ಬೇರೆ!

ಈ ನಾಲ್ಕು ಊರುಗಳ ರೀತಿಯನ್ನೂ ಸ್ವಲ್ಪ ನೋಡಬೇಕು. ಶಿಡ್ಲಘಟ್ಟದಲ್ಲಿ ರೇಷ್ಮೆಯೇ ಜೀವನ. ಬೆಳಿಗ್ಗೆ ಗಂಡಸರು ಗೂಡು ಮಾರುಕಟ್ಟೆಗೆ, ನೂಲು ಬಿಚ್ಚುವ ಕಡೆಗೆ ಹೋದರೆ ಹಗಲಲ್ಲೇ ಎಷ್ಟೋ ಮನೆಗಳು ಖಾಲಿ. ಚಿಂತಾಮಣಿಯಲ್ಲಿ ಟೊಮೆಟೊ ವ್ಯಾಪಾರದವರಿಗೆ ರಾತ್ರಿ ಹಗಲೆಂಬುದಿಲ್ಲ. ಚಿಕ್ಕಬಳ್ಳಾಪುರದ ಬದಿಯಲ್ಲೇ ಬೆಂಗಳೂರು–ಹೈದರಾಬಾದ್ ಹೆದ್ದಾರಿ. ಗೌರಿಬಿದನೂರು ದಾಟಿದರೆ ಆಂಧ್ರದ ಹಿಂದೂಪುರ. ಕದ್ದವನು ಬೆಳಗಾಗುವಷ್ಟರಲ್ಲಿ ಇನ್ನೊಂದು ರಾಜ್ಯದಲ್ಲಿರಬಹುದು. ಹಾಗಾಗಿ ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ಹಾಗಾದರೆ ಮಾಡುವುದೇನು? ದೇವರ ಮೇಲೆ ಭರವಸೆ ಇರಲಿ, ಬೀಗವೂ ಗಟ್ಟಿ ಇರಲಿ. ಹೊರಗೆ ಕಾಣುವ ಬೀಗದ ಬದಲು ಬಾಗಿಲೊಳಗೇ ಕೂರುವ ಇಂಟರ್‌ಲಾಕ್ ಒಳ್ಳೆಯದು. ಹಿಂಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಹಾಕಿಸಿ. ಕ್ಯಾಮೆರಾ ಇದ್ದರೆ ಉಪಯೋಗವೇ, ಆದರೆ ರೆಕಾರ್ಡ್ ಆಗುವ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ಯುವ ಕಳ್ಳರೂ ಇದ್ದಾರೆ. ಅದನ್ನು ಟಿವಿ ಪಕ್ಕ ಇಡಬೇಡಿ.

ಇವೆಲ್ಲಕ್ಕಿಂತ ದೊಡ್ಡ ಕಾವಲು ನೆರೆಮನೆಯವರು. ನಾವು ಇಂತಿಷ್ಟು ದಿನ ಇರುವುದಿಲ್ಲ ಎಂಬುದು ಅವರಿಗೆ ಗೊತ್ತಿರಬೇಕು. ಪೇಪರ್ ಎತ್ತಿಡಲು, ಸಂಜೆ ಲೈಟ್ ಹಾಕಿ ಬೆಳಿಗ್ಗೆ ಆರಿಸಲು, ಅಂಗಳ ಗುಡಿಸಲು ಒಬ್ಬರಿದ್ದರೆ ಖಾಲಿ ಮನೆಯೂ ವಾಸದ ಮನೆಯ ಹಾಗೆ ಕಾಣ್ತದೆ. ಆದರೆ ಇಂದು ಪಕ್ಕದ ಮನೆಯವರ ಫೋನ್ ನಂಬರ್ ನಮ್ಮಲ್ಲಿ ಎಷ್ಟು ಮಂದಿಯ ಹತ್ತಿರ ಉಂಟು? ಅವರು ಯಾವ ಜಾತಿ, ಯಾವ ಧರ್ಮ, ಯಾವ ಭಾಷೆಯವರೇ ಆಗಲಿ, ರಾತ್ರಿ ಎರಡು ಗಂಟೆಗೆ ನಮ್ಮ ಬಾಗಿಲು ಸದ್ದಾದರೆ ಮೊದಲು ಕೇಳಿಸುವುದು ಅವರಿಗೇ. ಊರಲ್ಲಿರುವ ನಮ್ಮ ತಮ್ಮನಿಗಲ್ಲ.

ಪೊಲೀಸರಿಗೂ ಹೇಳಬೇಕು. ಪ್ರತಿ ಬಡಾವಣೆಗೂ ಬೀಟ್ ಪೊಲೀಸರಿದ್ದಾರೆ. ಹೋಗುವ ಮುಂಚೆ ಠಾಣೆಗೆ ತಿಳಿಸಿದರೆ ಗಸ್ತಿನವರು ಆ ಕಡೆ ಕಣ್ಣಿಡಬಹುದು. ಗಡಿಯಾಚೆಯ ಆಂಧ್ರದಲ್ಲಿ 'ಲಾಕ್ಡ್ ಹೌಸ್ ಮಾನಿಟರಿಂಗ್ ಸಿಸ್ಟಮ್' ಎಂಬ ವ್ಯವಸ್ಥೆಯನ್ನೇ ಪೊಲೀಸರು ಮಾಡಿದ್ದಾರೆ. ಮನೆಯವರು ಕೇಳಿಕೊಂಡರೆ ಬೀಗ ಹಾಕಿದ ಮನೆಯೊಳಗೆ ಕ್ಯಾಮೆರಾ ಇಟ್ಟು, ಯಾರಾದರೂ ಒಳಹೊಕ್ಕರೆ ಕಂಟ್ರೋಲ್ ರೂಮಿಗೆ ತಿಳಿಯುವ ಹಾಗೆ ಮಾಡ್ತಾರೆ.

ಇನ್ನು ಚಿನ್ನ. ನಮ್ಮ ಮನೆಗಳಲ್ಲಿ ಚಿನ್ನವೆಂದರೆ ಬರೀ ಅಲಂಕಾರವಲ್ಲ. ಹತ್ತು ವರ್ಷ ಗಲ್ಫಿನಲ್ಲಿ ದುಡಿದ ಬೆವರು, ಮಗಳ ಮದುವೆಗೆಂದು ಒಂದೊಂದೇ ಪವನ್ ಕೂಡಿಸಿದ್ದು. ಅದನ್ನು ಕಪಾಟಿನಲ್ಲಿ ಬಟ್ಟೆಯ ಅಡಿಗೆ ಇಟ್ಟು ಹೋದರೆ ಕಳ್ಳ ಮೊದಲು ಕೈ ಹಾಕುವುದೇ ಅಲ್ಲಿಗೆ. ಬ್ಯಾಂಕ್ ಲಾಕರಿನಲ್ಲಿಡಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿ 1ರಿಂದ, ಬ್ಯಾಂಕಿನಲ್ಲೇ ಕಳ್ಳತನವೋ ಬೆಂಕಿ ಅನಾಹುತವೋ ಆದರೆ ಲಾಕರಿನ ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ. ಮನೆಯಲ್ಲಿರುವ ಒಡವೆಗಳ ಫೋಟೊ ತೆಗೆದಿಡಿ, ಬಿಲ್ ಜೋಪಾನ ಮಾಡಿ. 2023ರ ಏಪ್ರಿಲ್ 1ರ ಬಳಿಕ ಅಂಗಡಿಯಲ್ಲಿ ಕೊಂಡ ಹಾಲ್‌ಮಾರ್ಕ್ ಒಡವೆಯ ಮೇಲೆ ಎಚ್‌ಯುಐಡಿ ಎಂಬ 6 ಅಕ್ಷರ-ಅಂಕಿಗಳ ಗುರುತಿರ್ತದೆ. ಅದನ್ನು ಬರೆದಿಟ್ಟುಕೊಂಡರೆ 'ಇದು ನಮ್ಮದೇ' ಎಂದು ನಾಳೆ ತೋರಿಸಲು ಸುಲಭ.

ಎಲ್ಲ ಮಾಡಿಯೂ ಕಳ್ಳತನ ಆಯಿತು ಎಂದಿಟ್ಟುಕೊಳ್ಳಿ. ಬಾಗಿಲು ಮುರಿದದ್ದು ಕಂಡರೆ ಒಳಗೆ ನುಗ್ಗಬೇಡಿ, ಕಳ್ಳ ಒಳಗೇ ಇರಬಹುದು. 112ಕ್ಕೆ ಫೋನ್ ಮಾಡಿ. ನಮ್ಮವರ ಅಭ್ಯಾಸವೇನೆಂದರೆ, ಸುದ್ದಿ ತಿಳಿದ ಕೂಡಲೇ ಇಡೀ ಓಣಿಯೇ ಒಳಗೆ ಬರ್ತದೆ. ಒಬ್ಬರು ಕಪಾಟು ಮುಚ್ತಾರೆ, ಇನ್ನೊಬ್ಬರು ಚೆಲ್ಲಿದ ಬಟ್ಟೆ ಮಡಚ್ತಾರೆ, ಮತ್ತೊಬ್ಬರು ನೆಲ ಗುಡಿಸ್ತಾರೆ. ಪ್ರೀತಿಯಿಂದ ಮಾಡಿದ ಕೆಲಸವೇ. ಆದರೆ ಬೆರಳಚ್ಚಿನವರು ಬರುವಷ್ಟರಲ್ಲಿ ಗುರುತೆಲ್ಲ ಅಳಿಸಿ ಹೋಗಿರ್ತದೆ.

ದೂರು ಕೊಡಲು ಹಿಂಜರಿಯಬೇಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಂ ಪ್ರಕಾರ ಮನೆ ಕಳ್ಳತನಕ್ಕೆ 7 ವರ್ಷದವರೆಗೆ ಶಿಕ್ಷೆ ಉಂಟು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕಾದದ್ದು ದೂರುದಾರರ ಹಕ್ಕು. ಯಾವ ಠಾಣೆಯ ವ್ಯಾಪ್ತಿ ಎಂಬ ಗೊಂದಲವಿದ್ದರೂ ಝೀರೋ ಎಫ್‌ಐಆರ್ ಮಾಡಿಸಬಹುದು. ಮಾಲು ಸಿಕ್ಕಿದರೆ ಕೋರ್ಟಿಗೆ ಅರ್ಜಿ ಕೊಟ್ಟು ಬಿಡಿಸಿಕೊಳ್ಳಬೇಕು. ಒಡವೆಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಇಡದೆ, ಫೋಟೊ ತೆಗೆದು ಬಾಂಡ್ ಪಡೆದು ಹಕ್ಕುದಾರರಿಗೆ ಕೊಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಬಿಲ್, ಫೋಟೊ ಅಲ್ಲಿಯೂ ಬೇಕಾಗ್ತದೆ. ಅಂದ ಹಾಗೆ, ಬಿಲ್ಲಿಲ್ಲದೆ ಅಗ್ಗಕ್ಕೆ ಬಂದ ಚಿನ್ನ ಕೊಳ್ಳುವವರೂ ಎಚ್ಚರ. ಕದ್ದ ಮಾಲೆಂದು ತಿಳಿದೂ ಇಟ್ಟುಕೊಂಡರೆ 3 ವರ್ಷದವರೆಗೆ ಜೈಲು.

ಕೊನೆಗೆ ಒಂದು ಮಾತು. ಓಣಿಯಲ್ಲಿ ಒಂದು ಕಳ್ಳತನವಾದರೆ ಮರುದಿನದಿಂದ ಎಲ್ಲರ ಕಣ್ಣು ಬೀಳುವುದು ಬಡವರ ಮೇಲೆ. ಮನೆಕೆಲಸದ ಹೆಂಗಸು, ಗುಜರಿಯವನು, ಉತ್ತರದಿಂದ ಬಂದ ಕೂಲಿಯವನು. ಸಾಕ್ಷಿ ಇಲ್ಲದೆ ಒಬ್ಬರ ಹೆಸರು ಹೇಳಿದರೆ ಅವರ ಅನ್ನವೇ ಹೋಗ್ತದೆ. ಅಪರಿಚಿತರನ್ನು ಕಂಡರೆ ಎಲ್ಲಿಂದ ಬಂದಿರಿ, ಯಾರು ಬೇಕು ಎಂದು ಮರ್ಯಾದೆಯಿಂದ ಕೇಳೋಣ. ಸಂಶಯವಾದರೆ 112 ಉಂಟು. ಕೈ ಮಾತ್ರ ಎತ್ತಬಾರದು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಇಂಜಿನಿಯರನ್ನು ಮಕ್ಕಳ ಕಳ್ಳರೆಂಬ ವಾಟ್ಸ್ಯಾಪ್ ಸುಳ್ಳು ನಂಬಿ ಜನ ಹೊಡೆದು ಕೊಂದರು. ಹೋದ ಚಿನ್ನವನ್ನು ಮತ್ತೆ ದುಡಿದು ತರಬಹುದು, ಹೋದ ಜೀವವನ್ನು ತರಲಾಗದು.

ಮುಂದಿನ ಪ್ರಯಾಣಕ್ಕೆ ಟಿಕೆಟ್ ಮಾಡಿಸುವ ಮುಂಚೆ ಎಡಬಲದ ಎರಡು ಮನೆ, ಎದುರಿನ ಒಂದು ಮನೆ, ಬೀಟ್ ಪೊಲೀಸ್, ಹೀಗೆ ನಾಲ್ಕು ನಂಬರ್ ಬರೆದು ಫ್ರಿಜ್ಜಿನ ಮೇಲೆ ಅಂಟಿಸೋಣ. ನಮ್ಮ ನಂಬರನ್ನು ಅವರಿಗೂ ಕೊಡೋಣ. ಖರ್ಚು ಏನೂ ಇಲ್ಲ.